ಸೋತವನ ಹೆಸರು



ಇಬ್ಬರು ಮನುಷ್ಯರು ಸೆಣಸುವುದನ್ನು ಕುರಿತು ಬರೆದದ್ದನ್ನು ಓದಿ ನಾವು ಸಂತೋಷಪಡುವುದು ಸರಿಯೇ? ಒಬ್ಬನು ಬೀಳದೆ ಇನ್ನೊಬ್ಬನು ಗೆಲ್ಲಲಾರದ ಆಟ ಅದು. ಅಂಥ ಆಟದ ವರ್ಣನೆಯಲ್ಲಿ ರಸವನ್ನು ಕಾಣುವ ಮನಸ್ಸು ಆರೋಗ್ಯವಾದ ಮನಸ್ಸೇ? ಬಹಳ ವರ್ಷಗಳಿಂದ ಈ ಪ್ರಶ್ನೆ ನನ್ನನ್ನು ಕಾಡುತ್ತಿದೆ. ಕಾಡುವುದಕ್ಕೆ ಒಂದು ಕಾರಣವಿದೆ. ಮೊದಲು ಅದನ್ನು ನಿಮ್ಮ ಮುಂದೆ ಒಪ್ಪಿಕೊಂಡುಬಿಡುತ್ತೇನೆ.

ನಾನು ಆಗ ಶಿಕಾರಿಪುರ ಮತ್ತು ಸೊರಬಗಳ ನಡುವಿನ ಒಂದು ಹಳ್ಳಿಯಲ್ಲಿ ಹೊಸದಾಗಿ ಮೇಷ್ಟ್ರಾಗಿ ಸೇರಿದ್ದೆ. ಬಿಡುವಿನ ವೇಳೆಯಲ್ಲಿ ಒಂದು ಪತ್ರಿಕೆಗೆ ಊರಿನ ಸುದ್ದಿಗಳನ್ನು ಬರೆದು ಕಳುಹಿಸುತ್ತಿದ್ದೆ. ಆ ವರ್ಷದ ಮಾರಿಜಾತ್ರೆಯಲ್ಲಿ ಬಯಲು ಕುಸ್ತಿ ಏರ್ಪಾಡಾಗಿತ್ತು. ಕೊನೆಯ ಜೋಡಿಯ ಕುಸ್ತಿ ಅರ್ಧ ಗಂಟೆಗೂ ಮೀರಿ ನಡೆಯಿತು. ಹಲಗೆಯ ಸದ್ದು ಏರಿತು. ಜನ ಎದ್ದು ನಿಂತರು. ಗೆದ್ದವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ನಾನು ಅಂದು ರಾತ್ರಿಯೇ ಲಾಟೀನಿನ ಬೆಳಕಿನಲ್ಲಿ ಕುಳಿತು ಬಹಳ ಉತ್ಸಾಹದಿಂದ ವರದಿ ಬರೆದೆ. ಗೆದ್ದವನ ಹೆಸರು, ಅವನ ತಂದೆಯ ಹೆಸರು, ಗರಡಿಯ ಹೆಸರು, ಬೆಳ್ಳಿ ಕಡಗವನ್ನು ತೊಡಿಸಿದ ಹಿರಿಯರ ಹೆಸರು, ಎಲ್ಲವೂ ಅದರಲ್ಲಿದ್ದುವು. ಸೋತವನ ವಿಷಯದಲ್ಲಿ 'ಎದುರಾಳಿಯನ್ನು ಚಿತ್ ಮಾಡಿದರು' ಎಂಬ ಒಂದು ಮಾತು ಮಾತ್ರ ಇತ್ತು.

ವಾರದ ನಂತರ ಅಂಗಡಿಯ ಕಟ್ಟೆಯ ಮೇಲೆ ಒಬ್ಬ ಹಿರಿಯರು ನನ್ನನ್ನು ತಡೆದು ನಿಲ್ಲಿಸಿದರು. ಕೂಲಿಯ ಬದುಕಿನವರು. ಮಡಚಿ ಮಡಚಿ ಹರಿಯುವಂತಾಗಿದ್ದ ಆ ಪತ್ರಿಕೆ ಅವರ ಕೈಯಲ್ಲಿತ್ತು. "ಮೇಷ್ಟ್ರೇ, ಗೆದ್ದೋನ ಹೆಸರು ಬರ್ದೀರಿ, ಅವರಪ್ಪನ ಹೆಸರೂ ಬರ್ದೀರಿ. ನಮ್ ಹುಡುಗನ ಹೆಸರೂ ಒಂದು ಹಾಕಿದ್ರೆ ಚಲೋ ಇತ್ತು. ಅವ ಕುತ್ತಿಗೆ ಉಳುಕಿ ಮಲಗ್ಯಾನೆ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಕೇಳಿಕೆ ಮಾತ್ರ ಇತ್ತು. ನಾನು ತಲೆಯಾಡಿಸಿ, "ಮುಂದಿನ ಸಲ ಹಾಕ್ತೀನಿ" ಎಂದು ಹೇಳಿ ಹೊರಟುಬಿಟ್ಟೆ. ಆ ಹುಡುಗನ ಹೆಸರೇನೆಂದು ಕೇಳಬೇಕೆಂಬುದು ಆಗಲೂ ನನಗೆ ಹೊಳೆಯಲಿಲ್ಲ.

ಆ ಮೇಲೆ ನಾನು ಕಾಳಗವನ್ನು ಕುರಿತು ಬಲ್ಲವರು ಹೇಗೆ ಬರೆದಿದ್ದಾರೆಂದು ಹುಡುಕಿ ಓದತೊಡಗಿದೆ. ಮೊದಲ ಪಾಠಕ್ಕಾಗಿ ಬಹಳ ದೂರ ಹೋಗಬೇಕಾಗಲಿಲ್ಲ. ಅದು ನಮ್ಮ ಹೊಲಗಳ ಬದುವಿನಲ್ಲಿಯೇ ನಿಂತಿತ್ತು.

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ವೀರಗಲ್ಲುಗಳಿಗೆ ಹೆಸರಾದ ನೆಲ. ಬಳ್ಳಿಗಾವಿಯಲ್ಲಿ, ಉದ್ರಿಯಲ್ಲಿ, ಹೆಸರೇ ಕೇಳದ ಎಷ್ಟೋ ಹಳ್ಳಿಗಳ ಕೆರೆಯ ಏರಿಯ ಮೇಲೆ ನೀವು ಅವುಗಳನ್ನು ನೋಡಿರುತ್ತೀರಿ. ಬಿ. ಎಲ್. ರೈಸ್ ಅವರು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಏಳನೆಯ ಸಂಪುಟದಲ್ಲಿ (1902) ಶಿಕಾರಿಪುರದ ಶಾಸನಗಳನ್ನೂ, ಎಂಟನೆಯ ಸಂಪುಟದಲ್ಲಿ (1904) ಸೊರಬದ ಶಾಸನಗಳನ್ನೂ ಪ್ರಕಟಿಸಿದರು. ಆ ಪುಟಗಳನ್ನು ತಿರುವಿದರೆ ತುರುಗಳನ್ನು ಹಿಡಿದೊಯ್ದವರ ಬೆನ್ನಟ್ಟಿ ಸತ್ತವರು, ಊರಿನ ಮೇಲೆ ಬಿದ್ದವರನ್ನು ತಡೆದು ಸತ್ತವರು, ಹೆಣ್ಣುಮಕ್ಕಳ ಮಾನವನ್ನು ಕಾಯಲು ಹೋಗಿ ಸತ್ತವರು ಒಬ್ಬರ ಹಿಂದೆ ಒಬ್ಬರಂತೆ ಎದುರಾಗುತ್ತಾರೆ.

ಗಮನಿಸಿ: ಈ ಕಲ್ಲುಗಳನ್ನು ನಿಲ್ಲಿಸಿದ್ದು ಕಾದಿ ಮಡಿದವನಿಗಾಗಿ. ಆಟದ ಭಾಷೆಯಲ್ಲಿ ಹೇಳುವುದಾದರೆ, ಬಿದ್ದವನಿಗಾಗಿ. ಅವನನ್ನು ಕೆಡಹಿದವನ ಹೆಸರು ಅನೇಕ ಕಲ್ಲುಗಳಲ್ಲಿ ಇಲ್ಲವೇ ಇಲ್ಲ. ನನ್ನ ವರದಿ ಮಾಡಿದ್ದಕ್ಕೆ ತೀರ ವಿರುದ್ಧವಾದ ಕೆಲಸವನ್ನು ಆ ಕಾಲದ ಕಲ್ಲುಕುಟಿಗರು ಮಾಡಿದ್ದರು. ಅಷ್ಟೇ ಅಲ್ಲ, ಮಡಿದವನ ಮನೆಯವರಿಗೆ ಭೂಮಿಯನ್ನು ಬಿಟ್ಟುಕೊಡುವ ಪದ್ಧತಿಯೂ ಇತ್ತು. ಅದನ್ನು 'ನೆತ್ತರುಗೊಡಗೆ' ಎಂದು ಕರೆಯುತ್ತಿದ್ದರು. ನೆತ್ತರಿಗೆ ಬೆಲೆಯುಂಟು, ಆ ಬೆಲೆಯನ್ನು ತೆರುವವರು ಮನೆಯಲ್ಲಿ ಉಳಿದವರು ಎಂಬ ಅರಿವು ಆ ಒಂದು ಪದದಲ್ಲಿಯೇ ಅಡಗಿದೆ.

ಆದರೆ ವೀರಗಲ್ಲಿನಲ್ಲಿ ಒಂದು ಮೋಹವೂ ಇದೆ, ಅದನ್ನು ಮರೆಮಾಚಬಾರದು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ; ನಡುವೆ ಸತ್ತವನನ್ನು ಕರೆದೊಯ್ಯುವ ಅಪ್ಸರೆಯರು; ಮೇಲೆ ದೇವಸನ್ನಿಧಿ, ಸೂರ್ಯಚಂದ್ರರು. ಬದುವಿನಲ್ಲಿ ದನ ಕಾಯುವ ಹುಡುಗನ ಕಣ್ಣಿಗೆ ಆ ನಡುವಿನ ಪಟ್ಟಿಕೆ ಏನು ಹೇಳೀತು? ಸಾಯುವುದು ಸುಲಭ, ಸೊಗಸು ಎಂದು ಹೇಳೀತು. ಸತ್ತವನ ತಾಯಿ ಆ ಸಂಜೆ ಒಲೆ ಹಚ್ಚಿದಳೇ ಇಲ್ಲವೇ ಎಂಬುದನ್ನು ತೋರಿಸುವುದಕ್ಕೆ ಅಲ್ಲಿ ಪಟ್ಟಿಕೆಯಿಲ್ಲ. ಕಾಳಗವನ್ನು ಕುರಿತ ಬರವಣಿಗೆಯ ಪುಣ್ಯವೂ ಪಾಪವೂ ಹೀಗೆ ಒಂದೇ ಕಲ್ಲಿನಲ್ಲಿ ಜೊತೆಯಾಗಿವೆ. ಬಿದ್ದವನ ಹೆಸರನ್ನು ಉಳಿಸುವುದು ಅದರ ಪುಣ್ಯ; ಬಿದ್ದ ನೋವನ್ನು ಅಲಂಕಾರದಿಂದ ಮುಚ್ಚುವುದು ಅದರ ಪಾಪ.

ಆ ಅಲಂಕಾರದ ತೆರೆಯನ್ನು ಸರಿಸಿದವನು ರನ್ನ. ಬಳ್ಳಿಗಾವಿಯು ಬನವಾಸಿ ನಾಡಿನ ರಾಜಧಾನಿಯಾಗಿ ಬೆಳೆದದ್ದು ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿ. ರನ್ನ ಅದೇ ಚಾಲುಕ್ಯರ ಆಶ್ರಯದ ಕವಿ. ತನ್ನ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಅವನು ಬರೆದ ಕಾವ್ಯಕ್ಕೆ 'ಸಾಹಸಭೀಮವಿಜಯ' ಎಂದು ಹೆಸರು. ಹೆಸರಿನಲ್ಲಿಯೇ ಭೀಮನ ಗೆಲುವಿದೆ. ಆದರೆ 'ಗದಾಯುದ್ಧ'ವೆಂದು ನಾವೆಲ್ಲ ಕರೆಯುವ ಆ ಕಾವ್ಯವನ್ನು ಓದಿ ಮುಗಿಸಿದವರ ಮನಸ್ಸಿನಲ್ಲಿ ನಿಲ್ಲುವವನು ಯಾರು? ಹೆಣಗಳ ನಡುವೆ ಒಂಟಿಯಾಗಿ ನಡೆಯುತ್ತ, ಕರ್ಣನಿಗಾಗಿ ಅಳುತ್ತ, ಶತ್ರುವಿನ ಮಗನಾದ ಅಭಿಮನ್ಯುವಿನ ಕಳೇಬರದ ಮುಂದೆ ನಿಂತು ಅವನ ಶೌರ್ಯಕ್ಕೆ ತಲೆಬಾಗುವ ದುರ್ಯೋಧನ. ಗೆದ್ದವನನ್ನು ಹೊಗಳಲು ಕುಳಿತ ಕವಿ, ಸೋಲಲಿರುವವನ ಜೊತೆ ಅಷ್ಟು ದೂರ ನಡೆದುಬಿಟ್ಟ. ಅವನ ತಪ್ಪುಗಳನ್ನು ಕವಿ ಮನ್ನಿಸಲಿಲ್ಲ. ಅವನನ್ನು ಮನುಷ್ಯನೆಂದು ಕಂಡ, ಅಷ್ಟೆ.

ರನ್ನನ ಕಾಲಕ್ಕೆ ಸ್ವಲ್ಪ ಈಚಿನ ಇನ್ನೊಂದು ಕನ್ನಡ ಬರಹವುಂಟು. ಅದನ್ನು ನೋಡಲು ನಮ್ಮ ಸೀಮೆಯನ್ನು ಬಿಟ್ಟು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿಗೆ ಹೋಗಬೇಕು. ಅಲ್ಲಿಯ 1057ರ ಶಾಸನ ದೇಕಬ್ಬೆ ಎಂಬ ಹೆಣ್ಣುಮಗಳ ಕಥೆಯನ್ನು ಹೇಳುತ್ತದೆ. ಅವಳ ಗಂಡ ಏಚ ಮಲ್ಲಯುದ್ಧದಲ್ಲಿ ತನ್ನ ಬಂಧುವನ್ನು ಕೊಂದ. ಅದಕ್ಕಾಗಿ ಚೋಳರ ಅರಸನು ಏಚನಿಗೆ ಮರಣದಂಡನೆ ವಿಧಿಸಿದ. ಸುದ್ದಿ ಮನೆಗೆ ಬಂದಿತು. ಹೆತ್ತವರೂ ಬಂಧುಗಳೂ ಬೇಡವೆಂದು ತಡೆದರೂ ಕೇಳದೆ ದೇಕಬ್ಬೆ ಬೆಂಕಿಗೆ ಬಿದ್ದಳು. ಈ ಶಾಸನದ ಕವಿ ಕುಸ್ತಿಯ ಪಟ್ಟುಗಳನ್ನು ವರ್ಣಿಸುತ್ತ ಕೂರಲಿಲ್ಲ. ಕಣದಿಂದ ನೇರವಾಗಿ ಮನೆಯ ಬಾಗಿಲಿಗೆ ಬಂದ. ಆ ಹೆಣ್ಣಿನ ಸಾವನ್ನು ಅವನು ಕೊಂಡಾಡಿದ್ದನ್ನು ಇಂದು ನಾವು ಒಪ್ಪಲಾಗದು, ಒಪ್ಪಲೂ ಕೂಡದು. ಜೀವವನ್ನು ಸುಡುವ ಯಾವ ಧರ್ಮವೂ ಧರ್ಮವಲ್ಲ. ಆದರೂ ಅವನ ಕಣ್ಣು ಕಂಡದ್ದು ನಿಜ. ಒಂದು ಮಲ್ಲಯುದ್ಧದಲ್ಲಿ ಇಬ್ಬರಷ್ಟೇ ಸೆಣಸಿದರೂ ಬಿದ್ದವರ ಲೆಕ್ಕ ಮೂರಾಯಿತು.

ಇನ್ನು ಮುಷ್ಟಿಯ ಕಾಳಗಕ್ಕೆ ಬರೋಣ. ಬಾಕ್ಸಿಂಗ್ ಎಂದರೆ ಪರದೇಶದ್ದು ಎಂದು ನಾವು ಭಾವಿಸುತ್ತೇವೆ. ಆದರೆ 1520ರ ಸುಮಾರಿಗೆ ವಿಜಯನಗರದ ಮಹಾನವಮಿಯನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್, ಅಲ್ಲಿನ ಜಟ್ಟಿಗಳ ಕಾಳಗದಲ್ಲಿ ಹಲ್ಲು ಮುರಿಯುವಂಥ, ಮುಖ ಕೆಡುವಂಥ ಏಟುಗಳು ಬೀಳುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಮೈಸೂರು ಅರಮನೆಯಲ್ಲಿ ವಿಜಯದಶಮಿಯ ದಿನ ನಡೆಯುವ ವಜ್ರಮುಷ್ಟಿ ಕಾಳಗ ಅದೇ ಪರಂಪರೆಗೆ ಸೇರಿದ್ದು. ಅದಕ್ಕೊಂದು ನಿಯಮವಿದೆ: ಯಾರ ತಲೆಯಿಂದಲಾದರೂ ಮೊದಲ ನೆತ್ತರು ಚಿಮ್ಮಿದ ಕೂಡಲೇ ಕಾಳಗ ನಿಲ್ಲಬೇಕು. 'ಇಷ್ಟು ಸಾಕು' ಎಂದು ಹೇಳುವ ಒಬ್ಬರು ಕಣದಲ್ಲಿರಬೇಕೆಂಬುದನ್ನು ಹಿಂದಿನವರು ಅರಿತಿದ್ದರು.

ಪಶ್ಚಿಮದ ಬಾಕ್ಸಿಂಗ್ ಸಾಹಿತ್ಯ ವಿಸ್ತಾರವಾದದ್ದು. ಅದರಲ್ಲಿ ನನ್ನ ಮನಸ್ಸಿಗೆ ಹತ್ತಿರವಾದ ಇಬ್ಬರನ್ನು ಮಾತ್ರ ಹೆಸರಿಸುತ್ತೇನೆ. ಮೊದಲನೆಯವನು ವಿಲಿಯಂ ಹ್ಯಾಜ್ಲಿಟ್. 1821ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಹಂಗರ್‌ಫರ್ಡಿನಲ್ಲಿ ಬಿಲ್ ನೀಟ್ ಮತ್ತು ಟಾಮ್ ಹಿಕ್‌ಮನ್ ಎಂಬವರ ನಡುವೆ ಮುಷ್ಟಿಯುದ್ಧ ನಡೆಯಿತು. ಕೈಗವಸು ತೊಡದ ಬರಿಗೈ ಹೊಡೆದಾಟಗಳ ಕಾಲ ಅದು. ಹ್ಯಾಜ್ಲಿಟ್ ಕುದುರೆಗಾಡಿ ಹತ್ತಿ ಲಂಡನ್ನಿನಿಂದ ನೋಡಹೋದ. ಮುಂದಿನ ವರ್ಷ ಪ್ರಕಟವಾದ 'ದಿ ಫೈಟ್' ಎಂಬ ಅವನ ಪ್ರಬಂಧ ಇಂದಿಗೂ ಮಾದರಿಯೆನಿಸಿದೆ. ದಾರಿಯ ಹರಟೆ, ಛತ್ರದ ಊಟ, ಜನಜಂಗುಳಿ, ಹಿಕ್‌ಮನ್ನನ ಜಂಬ, ಕೊನೆಗೆ ಅವನ ಮುಖ ಹೆಣದ ಮುಖವಾಗಿ ಕಂಡ ಭಯಂಕರ ಗಳಿಗೆ, ಎಲ್ಲವೂ ಅದರಲ್ಲಿವೆ. ಬರೆದವನು ಸಂಭ್ರಮಪಟ್ಟದ್ದನ್ನು ಬಚ್ಚಿಡುವುದಿಲ್ಲ. ಆದರೆ ಕಾಳಗ ಮುಗಿದ ಮೇಲೆ ಸುದ್ದಿಯ ಪಾರಿವಾಳಗಳನ್ನು ಹಾರಿಬಿಡುತ್ತಾರೆ. ಅವುಗಳಲ್ಲಿ ಒಂದು ಗೆದ್ದ ನೀಟನ ಹೆಂಡತಿಗೆ ಶುಭವಾರ್ತೆಯನ್ನು ಹೊತ್ತೊಯ್ಯುತ್ತದೆ. ಅದನ್ನು ಹೇಳಿದ ಮರುಗಳಿಗೆಯಲ್ಲಿಯೇ ಹ್ಯಾಜ್ಲಿಟ್ ಹಿಕ್‌ಮನ್ನನ ಹೆಂಡತಿಗಾಗಿ ಒಂದು ಪುಟ್ಟ ವಾಕ್ಯದಲ್ಲಿ ಮರುಗುತ್ತಾನೆ. ಆ ಒಂದು ಮರುಕಕ್ಕಾಗಿ ಅವನ ಸಂಭ್ರಮವನ್ನೆಲ್ಲ ನಾನು ಕ್ಷಮಿಸಿದ್ದೇನೆ.

ಎರಡನೆಯವನು ಜ್ಯಾಕ್ ಲಂಡನ್. 1909ರಲ್ಲಿ ಪ್ರಕಟವಾದ ಅವನ 'ಎ ಪೀಸ್ ಆಫ್ ಸ್ಟೀಕ್' ಎಂಬ ಕಥೆ ಕಣದಲ್ಲಿ ಆರಂಭವಾಗುವುದಿಲ್ಲ; ಬಡವನ ಅಡಿಗೆಮನೆಯಲ್ಲಿ ಆರಂಭವಾಗುತ್ತದೆ. ವಯಸ್ಸು ಇಳಿದ ಮುಷ್ಟಿಮಲ್ಲ ಟಾಮ್ ಕಿಂಗ್ ಅಂದು ರಾತ್ರಿ ಒಬ್ಬ ತರುಣನ ಎದುರು ಕಾದಬೇಕು. ಹಸಿವಿನ ಮಕ್ಕಳನ್ನು ಬೇಗ ಮಲಗಿಸಿದ್ದಾರೆ. ಹೆಂಡತಿ ನೆರೆಮನೆಯಿಂದ ಹಿಟ್ಟು ಕಡ ತಂದು ಅವನಿಗೆ ಊಟಕ್ಕಿಟ್ಟಿದ್ದಾಳೆ. ಒಂದು ತುಂಡು ಮಾಂಸವನ್ನು ಸಾಲ ಕೊಡಲು ಕಟುಕನು ಒಪ್ಪಿಲ್ಲ. ಕಣದಲ್ಲಿ ಗೆಲುವು ಕೈಗೆ ಬಂದೇಬಿಟ್ಟಿತು ಎನ್ನುವಾಗ ಕೊನೆಯ ಏಟಿಗೆ ಬೇಕಾದ ಬಲ ಅವನ ತೋಳಿನಲ್ಲಿ ಇಲ್ಲದಾಗುತ್ತದೆ. ಸೋತು ಮನೆಗೆ ನಡೆಯುವಾಗ ದಾರಿಯ ಬೆಂಚಿನ ಮೇಲೆ ಕುಳಿತು ಅವನು ಅಳುತ್ತಾನೆ. ತಾನು ತರುಣನಾಗಿದ್ದಾಗ ತನ್ನಿಂದ ಸೋತ ಒಬ್ಬ ಮುದುಕ ಅಂದು ಏಕೆ ಅತ್ತನೆಂಬುದು ಅವನಿಗೆ ಆಗ ತಿಳಿಯುತ್ತದೆ. ಓದುಗರೇ, ಗೆದ್ದವನಿಗೆ ಎಂದೂ ತಿಳಿಯದ ಈ ಒಂದು ಸಂಗತಿಯನ್ನು ತಿಳಿಸುವುದಕ್ಕಾಗಿಯೇ ಕಾಳಗದ ಸಾಹಿತ್ಯ ಇರಬೇಕೆಂದು ನನಗೆ ತೋರುತ್ತದೆ.

'ಇದೆಲ್ಲ ಬರಹದ ಮಾತಾಯಿತು. ಕಾಳಗವೇ ತಪ್ಪಾದರೆ ಅದರ ಬರಹ ಹೇಗೆ ಸರಿಯಾದೀತು?' ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. 2005ರಲ್ಲಿ ರೋಮಿನಿಂದ ಹೊರಡುವ ಯೇಸುಸಭೆಯವರ 'ಲಾ ಚಿವಿಲ್ತಾ ಕತ್ತೋಲಿಕಾ' ಪತ್ರಿಕೆ ವೃತ್ತಿಪರ ಬಾಕ್ಸಿಂಗನ್ನು ಬಹು ಕಟುವಾಗಿ ಖಂಡಿಸಿತು. ಅದರ ಮಾತಿನಲ್ಲಿ ಹುರುಳಿದೆ. ನಮ್ಮ ಕುಸ್ತಿಯಲ್ಲಿ ಎದುರಾಳಿಯ ಬೆನ್ನನ್ನು ಮಣ್ಣಿಗೆ ತಾಗಿಸುವುದು ಗುರಿ. ಗಾಯವಾದರೆ ಅದು ಆಕಸ್ಮಿಕ. ವೃತ್ತಿಪರ ಬಾಕ್ಸಿಂಗಿನಲ್ಲಾದರೋ ಎದುರಾಳಿ ಎಚ್ಚರತಪ್ಪಿ ಬೀಳುವಂತೆ ಹೊಡೆಯುವುದು ಗೆಲುವಿನ ನೇರದಾರಿ. 1962ರ ಮಾರ್ಚ್ 24ರಂದು ನ್ಯೂಯಾರ್ಕಿನಲ್ಲಿ ಎಮಿಲ್ ಗ್ರಿಫಿತ್ ಹೊಡೆದ ಏಟುಗಳಿಂದ ಬೆನ್ನಿ ಪ್ಯಾರೆಟ್ ಕುಸಿದು, ಹತ್ತು ದಿನಗಳ ನಂತರ ಪ್ರಾಣಬಿಟ್ಟ. ದೂರದರ್ಶನದಲ್ಲಿ ಜನ ಅದನ್ನು ಮನೆಯಲ್ಲಿ ಕುಳಿತು ನೋಡಿದರು. ಗೆದ್ದ ಗ್ರಿಫಿತ್‌ನನ್ನು ಆ ರಾತ್ರಿ ಬಹುಕಾಲ ಕನಸಿನಲ್ಲಿ ಕಾಡಿತು. 2005ರ ಒಂದು ಸಾಕ್ಷ್ಯಚಿತ್ರದಲ್ಲಿ ಮುದುಕನಾದ ಗ್ರಿಫಿತ್ ಮತ್ತು ಪ್ಯಾರೆಟ್‌ನ ಮಗ ಪರಸ್ಪರ ಅಪ್ಪಿಕೊಳ್ಳುವುದನ್ನು ಕಾಣಬಹುದು. ಆ ಅಪ್ಪುಗೆಗೆ ನಲವತ್ತಕ್ಕೂ ಹೆಚ್ಚು ವರ್ಷಗಳು ಬೇಕಾದುವು.

ಆದರೂ ಮುಷ್ಟಿಯ ಆಟವನ್ನು ಬೇರುಸಹಿತ ಕಿತ್ತುಹಾಕಬೇಕೆಂದು ಹೇಳಲು ನನಗೆ ಧೈರ್ಯವಿಲ್ಲ. ಮಣಿಪುರದ ಬಡ ರೈತ ಕುಟುಂಬದ ಮೇರಿ ಕೋಮ್ ತನ್ನ ಆತ್ಮಕಥೆಯಲ್ಲಿ (2013) ಬರೆದ ಬದುಕನ್ನು ಓದಿದವರಿಗೆ, ಕೆಲವು ಮಕ್ಕಳಿಗೆ ಆ ಕೈಗವಸುಗಳೇ ಬಾಗಿಲು ತೆರೆದ ಬೀಗದ ಕೈಯಾದುವೆಂಬುದು ತಿಳಿಯುತ್ತದೆ. ನಮ್ಮ ಗರಡಿಗಳೂ ಎಷ್ಟೋ ಹುಡುಗರನ್ನು ಕುಡಿತದಿಂದ, ಪೋಲಿತನದಿಂದ ಉಳಿಸಿವೆ.

ಸಂತ ಪೌಲರೂ ಮುಷ್ಟಿಮಲ್ಲನ ಚಿತ್ರವನ್ನು ತಳ್ಳಿಹಾಕಲಿಲ್ಲ. ಕೊರಿಂಥದ ಬಳಿ ಎರಡು ವರ್ಷಗಳಿಗೊಮ್ಮೆ ದೊಡ್ಡ ಕ್ರೀಡೋತ್ಸವ ನಡೆಯುತ್ತಿತ್ತು, ಮುಷ್ಟಿಯುದ್ಧವೂ ಅದರಲ್ಲಿತ್ತು. ಆ ಊರಿನವರಿಗೆ ಬರೆದ ಮೊದಲ ಪತ್ರದ ಒಂಬತ್ತನೆಯ ಅಧ್ಯಾಯದಲ್ಲಿ, ಗಾಳಿಗೆ ಗುದ್ದುವವನಂತೆ ತಾನು ಸೆಣಸುವುದಿಲ್ಲ ಎಂಬ ಅರ್ಥದ ಮಾತನ್ನು ಪೌಲರು ಹೇಳುತ್ತಾರೆ. ಮುಂದೆ ತನ್ನ ದೇಹವನ್ನು ದಂಡಿಸುತ್ತೇನೆ ಎನ್ನುವಾಗ ಅವರು ಬಳಸಿದ ಗ್ರೀಕ್ ಪದಕ್ಕೆ 'ಕಣ್ಣಿನ ಕೆಳಗೆ ಗುದ್ದು' ಎಂಬುದು ಮೂಲಾರ್ಥ. ಅದು ಕಣದಿಂದಲೇ ಎತ್ತಿಕೊಂಡ ಮಾತು. ಆದರೆ ಆ ಗುದ್ದು ಬೀಳುವುದು ನೆರೆಯವನ ಮುಖಕ್ಕಲ್ಲ, ತನ್ನ ಮೇಲೆಯೇ. ಆಟದ ಶಿಸ್ತನ್ನು ಉಳಿಸಿಕೊಂಡು ಅದರ ಹಗೆತನವನ್ನು ಬಿಟ್ಟುಬಿಟ್ಟ ಓದು ಅದು.

ಇನ್ನೊಂದು ಮಾತು. ಹಿಂದೆ ಕಾಳಗವನ್ನು ಕುರಿತು ಬರೆಯುವವರು ಕೆಲವರು ಮಾತ್ರ ಇದ್ದರು. ಈಗ ಮೊಬೈಲ್ ಹಿಡಿದ ಪ್ರತಿಯೊಬ್ಬರೂ ವರದಿಗಾರರೇ. ದೀಪಾವಳಿಯ ನಂತರ ನಮ್ಮ ಎರಡೂ ತಾಲ್ಲೂಕುಗಳಲ್ಲಿ ನಡೆಯುವ ಹೋರಿ ಬೆದರಿಸುವ ಹಬ್ಬದಲ್ಲಿ ಹೋರಿ ತಿವಿದು ಒಬ್ಬ ಬಿದ್ದರೆ, ಎತ್ತುವ ಕೈಗಳಿಗಿಂತ ಚಿತ್ರೀಕರಿಸುವ ಕೈಗಳೇ ಹೆಚ್ಚು. 2022ರ ಜುಲೈನಲ್ಲಿ ಬೆಂಗಳೂರಿನ ಒಂದು ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಮುಖಕ್ಕೆ ಏಟು ಬಿದ್ದು ಮೈಸೂರಿನ ಒಬ್ಬ ತರುಣ ಕುಸಿದ, ಆಸ್ಪತ್ರೆಯಲ್ಲಿ ತೀರಿಕೊಂಡ. ಅವನು ಕುಸಿದ ಆ ಕ್ಷಣದ ದೃಶ್ಯ ಎಷ್ಟು ಸಾವಿರ ಕೈಗಳನ್ನು ದಾಟಿತೋ! ನನ್ನ ಮೊಬೈಲಿಗೂ ಬಂತು. ನಾನೂ ನೋಡಿದೆ, ಎರಡನೆಯ ಸಲವೂ ನೋಡಿದೆ. ಆಗ ಆ ಮಡಚಿದ ಪತ್ರಿಕೆ ನೆನಪಾಗಿ ನಾಚಿಕೆಯಾಯಿತು. ನೋಡಿದ್ದು ಒಂದು ಏಟನ್ನು. ಒಬ್ಬ ಮಗನನ್ನು ನೋಡಿರಲಿಲ್ಲ.

ಹಾಗಾದರೆ ನಾವು ಏನನ್ನು ಓದಬೇಕು, ಹೇಗೆ ನೋಡಬೇಕು? ನನಗೆ ದೊರೆತ ಅಳತೆಗೋಲು ಒಂದೇ. ಜನ ಗೆದ್ದವನನ್ನು ಹೊತ್ತು ಹೊರಟ ಮೇಲೆ ಬರಹಗಾರ ಎಲ್ಲಿ ನಿಲ್ಲುತ್ತಾನೆ ಎಂಬುದನ್ನು ನೋಡಿ. ಅವನೂ ಮೆರವಣಿಗೆಯ ಹಿಂದೆ ಹೋದನೆಂದರೆ ಅವನ ಬರಹ ಎಷ್ಟೇ ಸೊಗಸಾಗಿದ್ದರೂ ಅದು ಹಲಗೆಯ ಸದ್ದು. ಬರಿದಾದ ಕಣದಲ್ಲಿ ಬಿದ್ದವನ ಪಕ್ಕದಲ್ಲಿ ನಿಂತು, ಅವನ ಮನೆಯ ದಾರಿ ಯಾವುದೆಂದು ಕೇಳಿದನೆಂದರೆ ಅಂಥವನ ಕೈಗೆ ನಿಮ್ಮ ಮಕ್ಕಳನ್ನೂ ಧೈರ್ಯವಾಗಿ ಒಪ್ಪಿಸಬಹುದು.

ಆದಿಕಾಂಡದಲ್ಲಿ ಯಕೋಬನು ಹೊಳೆಯ ದಡದಲ್ಲಿ ಇರುಳೆಲ್ಲ ಹೋರಾಡಿದ ಪ್ರಸಂಗವನ್ನು ನೀವು ಎಷ್ಟೋ ಸಲ ಓದಿದ್ದೀರಿ. ಬೆಳಗಾಗುವಾಗ ಅವನ ತೊಡೆಯ ಕೀಲು ತಪ್ಪಿತ್ತು. ಆ ಹೊತ್ತಿನಲ್ಲಿ ಎದುರಾಳಿ ಅವನಿಗೆ ಕೇಳಿದ್ದೇನು? ಅವನ ಹೆಸರನ್ನು. ಹೆಸರನ್ನು ಕೇಳಿ, ಹೊಸ ಹೆಸರನ್ನಿತ್ತು, ಹರಸಿ ಕಳುಹಿಸಿದ. ಯಕೋಬನು ಕುಂಟುತ್ತಲೇ ಹೋದ. ಆದರೆ ಹೆಸರಿಲ್ಲದವನಾಗಿ ಹೋಗಲಿಲ್ಲ.

ನನ್ನ ವರದಿಯ ಆ ಹುಡುಗನಿಗೆ ಈಗ ಐವತ್ತರ ಮೇಲಾಗಿರಬೇಕು. ಅವನ ತಂದೆಯನ್ನು ನಾನು ಮತ್ತೆ ಕಾಣಲಿಲ್ಲ. ಬೇರೆ ಊರಿಗೆ ವರ್ಗವಾಗಿ ಹೋದೆ. 'ಮುಂದಿನ ಸಲ' ಎಂಬುದು ಬರಲೇ ಇಲ್ಲ. ಅವನ ಹೆಸರು ನನಗೆ ಇಂದಿಗೂ ತಿಳಿಯದು.

ಈ ವರ್ಷ ನಿಮ್ಮ ಊರಿನ ಜಾತ್ರೆಯಲ್ಲಿ ಕುಸ್ತಿಯ ಕಣ ಸಿದ್ಧವಾದಾಗ ಮಕ್ಕಳನ್ನು ಕರೆದುಕೊಂಡು ಹೋಗಿ. ಗೆದ್ದವನಿಗೆ ಮನಸಾರೆ ಚಪ್ಪಾಳೆ ತಟ್ಟಲಿ. ಆಮೇಲೆ ಅವರ ಕೈಹಿಡಿದು ಕಣದ ಆಚೆ ಬದಿಗೆ ನಡೆಯಿರಿ. ಅಲ್ಲಿ ಒಬ್ಬನು ಮೈಯ ಮಣ್ಣನ್ನು ಒರೆಸಿಕೊಳ್ಳುತ್ತ ಕುಳಿತಿರುತ್ತಾನೆ. ಅವನ ಹೆಸರೇನೆಂದು ಕೇಳಿ.